ಮನೆ ಬಿಡುವಾಗ ಹೆಸರು ಬಿಟ್ಟು ಹೋಗಬೇಡ

ಆಷಾಢ ಮುಗಿದ ಕೂಡಲೇ ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತೇವೆ ಎಂದು ನೀನು ಹೇಳಿದಾಗ ಬಹಳ ಸಂತೋಷವಾಯಿತು. ಪ್ಯಾಕರ್ಸ್‌ನವರು, ಗ್ಯಾಸ್, ಮಗಳ ಶಾಲೆ ಬಸ್ಸು, ಎಲ್ಲಕ್ಕೂ ವ್ಯವಸ್ಥೆ ಮಾಡಿಕೊಂಡಿದ್ದೀಯ. ಇಂಟರ್‌ನೆಟ್ಟಿಗೆ ಏನು ಮಾಡಿದೆ ಎಂದು ಕೇಳಿದರೆ, "ಅದಕ್ಕೇನು ಚಿಕ್ಕಪ್ಪ, ರೀಚಾರ್ಜ್ ಮಾಡದಿದ್ದರೆ ತಾನೇ ನಿಲ್ಲುತ್ತೆ" ಅಂದೆ. ಆ ಮಾತು ನನಗೆ ಸರಿ ಕಾಣಲಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕರೆಂಟ್ ಮೀಟರ್ ಮನೆಗೆ ಸೇರಿದ್ದು, ನೀನು ಹೋದರೂ ಅದು ಅಲ್ಲೇ ಇರುತ್ತದೆ. ಗ್ಯಾಸ್ ಕನೆಕ್ಷನ್ ನಿನ್ನದು, ನೀನು ಹೋದಲ್ಲಿಗೆ ಬರುತ್ತದೆ. ಬ್ರಾಡ್‌ಬ್ಯಾಂಡ್ ಪೂರ್ತಿ ಆ ಕಡೆಯದೂ ಅಲ್ಲ, ಈ ಕಡೆಯದೂ ಅಲ್ಲ. ಕಿಟಕಿಯ ಮೂಲೆ ಕೊರೆದು ಒಳಗೆ ತಂದ ತಂತಿ ಅಲ್ಲೇ ಉಳಿಯುತ್ತದೆ. ಖಾತೆ ಮಾತ್ರ ನೀನು ಗುರುತಿನ ಚೀಟಿ ಕೊಟ್ಟು, ಫೋಟೊ ಕೊಟ್ಟು ತೆರೆದದ್ದು. ಮೊಬೈಲ್ ಆದರೆ 2011ರಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಬ್ರಾಡ್‌ಬ್ಯಾಂಡಿಗೆ ಆ ದಾರಿ ಇಲ್ಲ. ಅದೇ ಕಂಪನಿ ಹೊಸ ಬೀದಿಯಲ್ಲೂ ಇದ್ದರೆ ಶಿಫ್ಟಿಂಗ್, ಇಲ್ಲದಿದ್ದರೆ ಹಳೆಯದನ್ನು ಮುಚ್ಚಿ ಹೊಸದನ್ನು ಹಾಕಿಸುವುದು.

ಹಾಗಾಗಿ ಹೊಸ ಮನೆಗೆ ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸು. ಕಂಪನಿಯ ಆ್ಯಪ್‌ನಲ್ಲಿ ಪಿನ್‌ಕೋಡ್ ಹಾಕಿ 'ಸೇವೆ ಲಭ್ಯ' ಎಂದು ಬಂದರೆ ನಂಬಿ ಕೂರಬೇಡ. ಬಡಾವಣೆಗೆ ಲೈನ್ ಬಂದಿರಬಹುದು, ನಿನ್ನ ಕ್ರಾಸಿಗೆ ಬಂದಿರಲಿಕ್ಕಿಲ್ಲ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅಸೋಸಿಯೇಷನ್ ಒಪ್ಪಿದ ಒಂದೆರಡು ಕಂಪನಿಗಳಿಗೆ ಮಾತ್ರ ಒಳಗೆ ತಂತಿ ಎಳೆಯಲು ಬಿಡುತ್ತಾರೆ. ಪಕ್ಕದ ಮನೆಯವರನ್ನು ಕೇಳು: ಯಾರ ಲೈನ್ ಇದೆ, ಮಳೆ ಬಂದರೆ ಎಷ್ಟು ಹೊತ್ತು ಹೋಗುತ್ತದೆ, ಫೋನ್ ಮಾಡಿದರೆ ಹುಡುಗ ಬರುತ್ತಾನಾ. ಇಲ್ಲಿ ಮರದಿಂದ ಮರಕ್ಕೆ ನೇತಾಡುವ ಕೇಬಲ್‌ಗಳನ್ನು ಪಾಲಿಕೆಯವರು ಆಗಾಗ ಕತ್ತರಿಸುತ್ತಾರೆ, ಆಗ ಬೀದಿಗೆ ಬೀದಿಯೇ ಇಂಟರ್‌ನೆಟ್ ಇಲ್ಲದೆ ಕೂರಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಮನೆಯಿಂದ ಕೆಲಸ ಮಾಡುವವರು ನೀವು. ಅಡುಗೆಮನೆಗೆ ಗಾಳಿ ಬೆಳಕು ಎಷ್ಟಿದೆ ಎಂದು ನೋಡಿದಷ್ಟೇ ಎಚ್ಚರದಿಂದ ಇದನ್ನೂ ನೋಡಿಕೊಳ್ಳಬೇಕು.

ಶಿಫ್ಟಿಂಗ್ ರಿಕ್ವೆಸ್ಟನ್ನು ಎರಡು ವಾರ ಮುಂಚೆ ಹಾಕು. ಶುಲ್ಕ ಎಷ್ಟು, ಈಗಿನ ಪ್ಲಾನ್ ಹಾಗೇ ಮುಂದುವರಿಯುತ್ತದೆಯೇ, ನಡುವೆ ಲೈನ್ ಇಲ್ಲದ ದಿನಗಳನ್ನು ಕೊನೆಗೆ ಸೇರಿಸುತ್ತಾರೆಯೇ, ಈ ಮೂರಕ್ಕೂ ಉತ್ತರ ಮೆಸೇಜಿನಲ್ಲಿ ಬರಲಿ. ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ನಮ್ಮಲ್ಲಿ ಬಾಡಿಗೆ ಕರಾರು 11 ತಿಂಗಳದ್ದು, ಬ್ರಾಡ್‌ಬ್ಯಾಂಡಿನ ವಾರ್ಷಿಕ ಪ್ಲಾನ್ 12 ತಿಂಗಳದ್ದು. ರಿಯಾಯಿತಿ ನೋಡಿ ವರ್ಷದ ದುಡ್ಡು ಒಟ್ಟಿಗೆ ಕಟ್ಟುತ್ತೇವೆ, ನಡುವೆ ಮನೆ ಬಿಟ್ಟರೆ ಉಳಿದ ತಿಂಗಳ ಹಣ ವಾಪಸ್ ಬರುವುದು ಕಷ್ಟ. ಮನೆ ಖಾಯಂ ಎಂದು ಧೈರ್ಯ ಬರುವವರೆಗೆ ತಿಂಗಳಿಗೋ ಮೂರು ತಿಂಗಳಿಗೋ ಕಟ್ಟು. ಒಂದಿಷ್ಟು ಹೆಚ್ಚು ಹೋದರೂ ಪರವಾಗಿಲ್ಲ.

ಮುಚ್ಚಿಸುವುದೇ ಆದರೆ ಬಾಯಿಮಾತಿನಲ್ಲಿ ಮುಗಿಸಬೇಡ. ಪೋಸ್ಟ್‌ಪೇಯ್ಡ್ ಆಗಿದ್ದರೆ ನೀನು ಬಳಸದಿದ್ದರೂ ಬಿಲ್ ಬೆಳೆಯುತ್ತದೆ. ಪ್ರೀಪೇಯ್ಡ್ ಲೈನ್ ನಿಂತರೂ ಕಂಪನಿಯ ರೂಟರ್ ಪೆಟ್ಟಿಗೆ ನಿನ್ನ ಹೆಸರಿನಲ್ಲಿಯೇ ಇರುತ್ತದೆ. ನಮ್ಮ ನೆಂಟರ ಹುಡುಗನೊಬ್ಬ ಊರು ಬಿಡುವ ಗಡಿಬಿಡಿಯಲ್ಲಿ ರೂಟರನ್ನು ಮನೆಗೆ ಬಂದ ಲೈನ್ ಹುಡುಗನ ಕೈಗೆ ಕೊಟ್ಟು ಹೊರಟ. ಚೀಟಿ ಕೇಳಲಿಲ್ಲ. ತಿಂಗಳುಗಳ ಮೇಲೆ ರೂಟರಿನ ಬೆಲೆ ಕಟ್ಟಿ ಎಂದು ಫೋನಿನ ಮೇಲೆ ಫೋನ್. ಆ ಲೈನ್ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದ. ಇವನ ಬಳಿ ತೋರಿಸಲು ಒಂದು ಕಾಗದವೂ ಇರಲಿಲ್ಲ, ಹಣ ಕಟ್ಟಿಯೇ ಕೈತೊಳೆದುಕೊಂಡ.

ಅದಕ್ಕೇ ಹೇಳುತ್ತೇನೆ, ಪೆಟ್ಟಿಗೆ ಕೊಡುವ ಮೊದಲು ಅದನ್ನು ತಿರುಗಿಸು. ಅಡಿಯಲ್ಲಿ ಬಿಳಿ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಸೀರಿಯಲ್ ನಂಬರ್, ಮ್ಯಾಕ್ ವಿಳಾಸ ಇರುತ್ತದೆ. ಅಕ್ಷರ ಓದುವ ಹಾಗೆ ಫೋಟೊ ತೆಗೆದುಕೋ. ಅಡಾಪ್ಟರ್ ಸೇರಿಸಿ ಕೊಡು, ಮರೆತರೆ ಅದಕ್ಕೂ ದುಡ್ಡು ಕೇಳುತ್ತಾರೆ. ಪಡೆದವನ ಹೆಸರು, ತಾರೀಕು ಇರುವ ರಸೀದಿ ತೆಗೆದುಕೋ. ರಸೀದಿ ಕೊಡಲು ಅವನಿಗೆ ಆಗದಿದ್ದರೆ ಕಂಪನಿಯಿಂದ ಒಂದು ಮೆಸೇಜಾದರೂ ಬರಲಿ. ತಂತಿಯನ್ನು ನೀನೇ ಎಳೆದು ಕಿತ್ತುಹಾಕಬೇಡ. ಅದರೊಳಗಿರುವುದು ಎಂಟನೇ ಒಂದು ಮಿಲಿಮೀಟರ್ ದಪ್ಪದ ಗಾಜಿನ ಎಳೆ, ಜೋರಾಗಿ ಮಡಚಿದರೆ ಒಳಗೇ ಮುರಿಯುತ್ತದೆ. ಹಸಿರು ತುದಿಯನ್ನು ಮೆಲ್ಲಗೆ ಬಿಡಿಸಿ, ಟೋಪಿ ಹಾಕಿ, ಅಗಲವಾಗಿ ಸುತ್ತಿ ಗೋಡೆಗೆ ತೂಗುಹಾಕು. ಮುಂದೆ ಬರುವ ಸಂಸಾರಕ್ಕೆ ಉಪಯೋಗವಾಗುತ್ತದೆ.

ಆ ಸಂಸಾರದ ಮಾತು ಬಂತಲ್ಲ, ನನ್ನ ಮುಖ್ಯ ಚಿಂತೆ ಇರುವುದು ಇಲ್ಲೇ. "ನಿಮ್ಮ ಕನೆಕ್ಷನ್ ಹಾಗೇ ಇರಲಿ, ಹೊಸಬರು ದುಡ್ಡು ಕಟ್ಟಿಕೊಳ್ಳುತ್ತಾರೆ" ಎಂದು ಮಾಲೀಕರು ಹೇಳಬಹುದು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಒಪ್ಪಬೇಡ. ಆ ಲೈನಿನಿಂದ ಯಾರೋ ಯಾರಿಗೋ ಮೋಸ ಮಾಡಿದರೆ, ಬೆದರಿಕೆಯ ಮೇಲ್ ಕಳಿಸಿದರೆ, ಪೊಲೀಸರು ಐಪಿ ವಿಳಾಸ ಹಿಡಿದು ಹೋದಾಗ ಕಂಪನಿಯ ಪುಸ್ತಕದಲ್ಲಿ ಮೊದಲು ಸಿಗುವ ಹೆಸರು ನಿನ್ನದು. ತಪ್ಪು ನಿನ್ನದಲ್ಲ ಎಂದು ಸಾಬೀತು ಮಾಡಲು ಠಾಣೆ ಸುತ್ತಬೇಕಾದವನು ನೀನು. ಹೊಸಬರು ಎಷ್ಟೇ ಸಜ್ಜನರಾಗಿರಲಿ, ಅವರ ಹೆಸರಿಗೆ ಹೊಸ ಖಾತೆ ಮಾಡಿಸಿಕೊಳ್ಳಲಿ.

ರದ್ದತಿಗೆ ಆ್ಯಪ್ ಅಥವಾ ಇಮೇಲ್ ಮೂಲಕ ಕೇಳು, ಅವರು ಕೊಡುವ ದೂರು ಸಂಖ್ಯೆ ಬರೆದಿಟ್ಟುಕೋ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡ, ಅಲ್ಲಿ ವಂಚಕರು ಬಲೆ ಹಾಕಿ ಕಾಯುತ್ತಿರುತ್ತಾರೆ. ಬಿಲ್ಲಿನ ಮೇಲಿರುವ ನಂಬರಿಗೇ ಮಾಡು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಗುಣಮಟ್ಟದ ನಿಯಮಗಳ ಪ್ರಕಾರ, ಕೇಳಿದ 7 ದಿನಗಳಲ್ಲಿ ಸೇವೆ ಮುಚ್ಚಬೇಕು, ಡಿಪಾಸಿಟ್ ಇದ್ದರೆ 45 ದಿನಗಳಲ್ಲಿ ಹಿಂತಿರುಗಿಸಬೇಕು. ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆ. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕ ಆಯೋಗ. ದೂರಸಂಪರ್ಕ ಕಂಪನಿಗಳ ಮೇಲೂ ಅಲ್ಲಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಆಟೊಪೇ ಇದ್ದರೆ ಅದನ್ನು ಯುಪಿಐ ಆ್ಯಪ್‌ನಲ್ಲೋ ಬ್ಯಾಂಕಿನಲ್ಲೋ ಬೇರೆಯಾಗಿ ರದ್ದು ಮಾಡು. ಹಣ ಎಳೆಯುವ 24 ಗಂಟೆ ಮೊದಲು ಮೆಸೇಜ್ ಬರುತ್ತದೆ ನಿಜ, ಆದರೆ ಮನೆ ಸಾಮಾನು ಬಿಚ್ಚುವ ಗದ್ದಲದಲ್ಲಿ ಅದನ್ನು ಯಾರು ನೋಡುತ್ತಾರೆ? ಕೊನೆಯ ಬಿಲ್ ಪೂರ್ತಿ ಕಟ್ಟಿದ ಮೇಲೆಯೇ ರದ್ದು ಮಾಡು, ಅಷ್ಟೆ.

ಹೊಸ ರೂಟರಿಗೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಟ್ಟರೆ ಟಿವಿ, ಪ್ರಿಂಟರ್, ಅಮ್ಮನ ಫೋನ್ ಎಲ್ಲವೂ ತಾವಾಗಿಯೇ ಸೇರಿಕೊಳ್ಳುತ್ತವೆ. ಆದರೆ ಹಳೆಯ ಪೆಟ್ಟಿಗೆ ಕೊಡುವ ಮೊದಲು ಅದರ ಹಿಂದಿನ ಸಣ್ಣ ರಂಧ್ರಕ್ಕೆ ಪಿನ್ ಒತ್ತಿ ರೀಸೆಟ್ ಮಾಡಿರಬೇಕು. ಹೊಸ ಲೈನ್ ಎಳೆಯುವ ದಿನ ನಿಮ್ಮಲ್ಲಿ ಒಬ್ಬರು ಮನೆಯಲ್ಲಿರಿ, ಗೋಡೆ ಎಲ್ಲಿ ಕೊರೆಯಬೇಕೆಂದು ಮಾಲೀಕರನ್ನು ಮೊದಲೇ ಕೇಳಿಡಿ. ತಂತಿ ಸಾಮಾನ್ಯವಾಗಿ ಮಹಡಿ ಮೇಲಿನಿಂದ ಇಳಿಯುತ್ತದೆ, ಟೆರೇಸಿನ ಬೀಗದ ಕೈಯನ್ನು ಹಿಂದಿನ ಸಂಜೆಯೇ ಇಸಿದುಕೊಂಡಿರು.