ಉಳಿಸಿಕೊಂಡ ಆಟಗಾರನಿಗೆ ಬೆಲೆ ಎಷ್ಟು?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಟೆನಿಸ್ ಬಾಲ್ ಲೀಗ್ ನಡೆಸುತ್ತೇವೆ. ಎಂಟು ತಂಡ, ಪ್ರತಿ ಓನರ್‌ಗೆ 1000 ಪಾಯಿಂಟ್. ಹರಾಜಿಗೆ ಮೊದಲು ಮೂವರನ್ನು ಹಳೇ ಬೆಲೆಗೇ ಉಳಿಸಿಕೊಳ್ಳಬಹುದು. ಹೀಗಾಗಿ ಗೆದ್ದವರೇ ಗೆಲ್ಲುತ್ತಿದ್ದಾರೆ. ಕೊನೆಯ ಸ್ಥಾನದವರಿಗೆ ಮೊದಲ ಆಯ್ಕೆ ಕೊಟ್ಟರೆ ಸರಿಹೋದೀತೆ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಕೊಟ್ಟು ನೋಡಿ, ಲೀಗಿನ ಕೊನೇ ವಾರ ಸೋಲುವುದಕ್ಕೇ ಪೈಪೋಟಿ ಶುರುವಾಗುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಇದೇ ಅನುಮಾನ ಕಾಡಿ, 1985ರಿಂದ ಮೊದಲ ಆಯ್ಕೆಯನ್ನು ಲಾಟರಿಗೆ ಬಿಟ್ಟರು. 1995ರಲ್ಲಿ ಅಲ್ಲಿಯ ಐಸ್ ಹಾಕಿ ಲೀಗ್ ಕೂಡ ಅದೇ ದಾರಿ ಹಿಡಿಯಿತು. ಮೊದಲ ಆಯ್ಕೆ ಕೊಡಲೇಬೇಕೆಂದಿದ್ದರೆ ಕೊನೆಯ ಮೂರು ತಂಡಗಳ ಹೆಸರು ಬರೆದು ಚೀಟಿ ಎತ್ತಿಸಿ.

ಆದರೆ ನಿಮ್ಮ ರೋಗ ಅಲ್ಲಿಲ್ಲ, ‘ಹಳೇ ಬೆಲೆಗೇ’ ಎಂಬಲ್ಲಿದೆ. ಎರಡು ವರ್ಷದ ಹಿಂದೆ 50 ಪಾಯಿಂಟ್‌ಗೆ ಸಿಕ್ಕ ಹುಡುಗ ಇಂದು ಹರಾಜಿಗೆ ಬಂದರೆ 300 ದಾಟುತ್ತಾನೆ ಎಂದಿಟ್ಟುಕೊಳ್ಳಿ. ಅವನ ಓನರ್ ಉಳಿದವರಿಗಿಂತ 250 ಪಾಯಿಂಟ್ ಹೆಚ್ಚು ಹಿಡಿದುಕೊಂಡೇ ಹರಾಜಿಗೆ ಕೂರುತ್ತಾನೆ. ಅಂಥ ಮೂವರಿದ್ದರೆ ಲೆಕ್ಕ ನೀವೇ ಹಾಕಿ.

ಐಪಿಎಲ್‌ನವರು ಇದಕ್ಕೇ ಉಳಿಸಿಕೊಳ್ಳುವುದನ್ನು ದುಬಾರಿ ಮಾಡಿದ್ದು. 2025ರ ಮೆಗಾ ಹರಾಜಿಗೆ ತಂಡಕ್ಕೆ 120 ಕೋಟಿ. ಉಳಿಸಿಕೊಳ್ಳುವ ಐವರಿಗೆ 18, 14, 11, ಮತ್ತೆ 18, 14 ಕೋಟಿ ಕಡಿತ. ಭಾರತ ತಂಡಕ್ಕೆ ಆಡದವನಾದರೆ 4 ಕೋಟಿ. ರಾಜಸ್ಥಾನ ರಾಯಲ್ಸ್ ಆರು ಜನರನ್ನು ಇಟ್ಟುಕೊಂಡಿತು. 79 ಕೋಟಿ ಹೋಗಿ 41 ಉಳಿಯಿತು. ನಮ್ಮ ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರಿಗೇ ನಿಂತು 37 ಕೋಟಿ ತೆತ್ತು, 83 ಕೋಟಿಯೊಂದಿಗೆ ಹರಾಜಿಗೆ ಹೋಯಿತು. ಆ ದುಡ್ಡಿನಲ್ಲೇ ಹೇಜಲ್‌ವುಡ್, ಸಾಲ್ಟ್, ಭುವನೇಶ್ವರ್, ಕೃಣಾಲ್ ಬಂದರು. ಆ ಸಲ ಕಪ್ ಬೆಂಗಳೂರಿಗೆ, ರಾಜಸ್ಥಾನ ಒಂಬತ್ತನೇ ಸ್ಥಾನಕ್ಕೆ. (ಆರ್‌ಸಿಬಿ ಸದಾ ಜಾಣತನ ತೋರಿದೆ ಎಂದಲ್ಲ. 2018ರಲ್ಲಿ ಸರ್ಫರಾಜ್‌ನನ್ನು ಉಳಿಸಿಕೊಂಡು ಕೆ.ಎಲ್. ರಾಹುಲ್‌ನನ್ನು 11 ಕೋಟಿಗೆ ಪಂಜಾಬಿಗೆ ಬಿಟ್ಟುಕೊಟ್ಟವರೂ ಇವರೇ.)

ನೀವು ಕೋಟಿಯ ಲೆಕ್ಕ ಬಿಡಿ. ಉಳಿಸಿಕೊಂಡವನ ಬೆಲೆ ಪ್ರತಿ ವರ್ಷ 100 ಪಾಯಿಂಟ್ ಏರಲಿ: 50 ಇದ್ದದ್ದು 150, ಆಮೇಲೆ 250. ಮೂರನೇ ವರ್ಷ ಅವನು ಕಡ್ಡಾಯವಾಗಿ ಹರಾಜಿಗೆ. ಆಗ ಹಳೇ ಓನರ್‌ಗೆ ಒಂದು ಅವಕಾಶ ಕೊಡಬಹುದು, ಐಪಿಎಲ್‌ನ ಆರ್‌ಟಿಎಂ ಥರ; ಕೊನೆಯ ಬಿಡ್‌ಗೆ ಸರಿಗಟ್ಟಿದರೆ ಹುಡುಗ ಅವನಿಗೇ. ಆದರೆ 2025ರಲ್ಲಿ ಮಾಡಿದಂತೆ, ಎದುರಾಳಿ ಇನ್ನೊಮ್ಮೆ ಬೆಲೆ ಏರಿಸಲು ಬಿಡಿ. ಇಲ್ಲವಾದರೆ ಹಳೇ ಓನರ್ ಬಾಯಿ ಮುಚ್ಚಿಕೊಂಡು ಕೂತು, ಬೇರೆಯವರು ಕಟ್ಟಿದ ಬೆಲೆಯಲ್ಲಿ ಹುಡುಗನನ್ನು ಎತ್ತಿಕೊಂಡು ಹೋಗುತ್ತಾನೆ.

ಉಳಿಸಿಕೊಳ್ಳುವವರ ಸಂಖ್ಯೆಯನ್ನು ಮೂರರಿಂದ ಒಂದಕ್ಕೆ ಇಳಿಸಿ ಎಂದು ಕೆಲವರು ಹೇಳಿಯಾರು. ನನಗೆ ಒಪ್ಪಿಗೆಯಿಲ್ಲ. ತಂಡಕ್ಕೊಂದು ಗುರುತು ಬೇಕು, ಪ್ರತಿ ವರ್ಷ ಮುಖ ಬದಲಾದರೆ ಚಪ್ಪಾಳೆ ಹೊಡೆಯುವುದು ಯಾರಿಗೆ? ಕೊಡಗಿನಲ್ಲಿ 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿಯಲ್ಲಂತೂ ಹರಾಜೇ ಇಲ್ಲ, ಹುಟ್ಟಿದ ಮನೆಯೇ ತಂಡ.

ಒಂದು ಜಗಳ ಮಾತ್ರ ತಪ್ಪಿದ್ದಲ್ಲ: ಹಳೇ ನಿಯಮ ನಂಬಿ ಆಟಗಾರರನ್ನು ಕೊಂಡವರು ಮೋಸವಾಯಿತು ಎನ್ನುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಹೊಸ ನಿಯಮವನ್ನು ಈ ವರ್ಷ ಬರೆದು, ಎಂಟೂ ಓನರ್‌ಗಳ ಸಹಿ ಹಾಕಿಸಿ, ಮುಂದಿನ ಹರಾಜಿನಲ್ಲಿ ಕೊಂಡವರಿಂದ ಜಾರಿಗೆ ತನ್ನಿ. ಈಗ ಕೈಯಲ್ಲಿರುವ ಮೂವರಿಗೆ ಇನ್ನೊಂದು ವರ್ಷ ಹಳೇ ಬೆಲೆಯೇ ಇರಲಿ.