ಹಳೇ ಆಟದ ಆಸೆಗೆ ಮುಂಗಡ ಯಾಕೆ?

ಕ್ಯಾಸೆಟ್ಟನ್ನು ಊದಿ ಊದಿ ಹಾಕಿ ಕಾಂಟ್ರಾ, ಮಾರಿಯೊ ಆಡಿದ ಹುಡುಗರಿಗೆ ಈಗ ಸಂಬಳ ಬರುತ್ತಿದೆ. ಗೇಮ್ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಚೌಕಚೌಕ ಚಿತ್ರ, ಕೀಂಕೀಂ ಸಂಗೀತ, ಜಿಗಿದು ಗುಂಡು ಹಾರಿಸುವ ಹೀರೊ ಇರುವ ಟ್ರೇಲರ್ ಒಂದು ಸಾಕು, ಸಾಲದ ಕಂತು ಕಟ್ಟುತ್ತಿರುವವರೂ ಕಾರ್ಡ್ ಹೊರತೆಗೆಯುತ್ತಾರೆ.

ಅಂಥದ್ದೇ ಒಂದು ಗೇಮಿಗೆ ಬಿಡುಗಡೆಗೂ ಮುಂಚೆ ಸಾವಿರದ ಚಿಲ್ಲರೆ ಕಟ್ಟಿದೆ. ಮೊದಲ ಲೆವೆಲ್ ಸೊಗಸಾಗಿತ್ತು. ಬಣ್ಣ ಬಯಲಾದದ್ದು ಮೂರನೆಯದರಲ್ಲಿ. ಬಟನ್ ಒತ್ತಿದರೆ ಹೀರೊ ಸರ್ಕಾರಿ ಕಡತದ ಹಾಗೆ ನಿಧಾನಕ್ಕೆ ಕದಲುತ್ತಾನೆ. ಅಷ್ಟರಲ್ಲಿ ಕಾಲಡಿಯ ಹಲಗೆ ಮಾಯ. ಸತ್ತರೆ ಮತ್ತೆ ಶುರುವಿನಿಂದ. ಹಳೇ ಗೇಮುಗಳೂ ಕಷ್ಟವೇ, ಆದರೆ ಅಲ್ಲಿ ಎಡವಿದ್ದು ನಮ್ಮ ಬೆರಳು ಅಂತ ಗೊತ್ತಾಗುತ್ತಿತ್ತು. ಬಾಸ್ ಕಣ್ಣಿಗೆ ಬೀಳುವ ಹೊತ್ತಿಗೆ ರೀಫಂಡ್ ಅವಕಾಶ ಮುಗಿದಿತ್ತು. ಸ್ಟೀಮ್‌ನಂಥ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಾಮಾನ್ಯ ನಿಯಮ ಇಷ್ಟೆ: 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆ ಮೀರಿರಬಾರದು. ಆ 2 ಗಂಟೆಯಲ್ಲಿ ಕಾಣುವುದು ಚೆನ್ನಾಗಿ ತಿದ್ದಿ ತೀಡಿದ ಭಾಗವೇ.

ಜನರಿಂದ ಹಣ ಎತ್ತಿ ಮಾಡುವ ಗೇಮುಗಳದ್ದು ಇನ್ನೂ ದೊಡ್ಡ ಜೂಜು. 2013ರಲ್ಲಿ ಕೆಯ್‌ಜಿ ಇನಾಫುನೆ 'ಮೈಟಿ ನಂ. 9' ಘೋಷಿಸಿದಾಗ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು 9 ಲಕ್ಷ ಡಾಲರ್. ಮೆಗಾ ಮ್ಯಾನ್ ಸರಣಿಯಲ್ಲಿ ದುಡಿದ ಹೆಸರು ನಂಬಿ 67 ಸಾವಿರಕ್ಕೂ ಹೆಚ್ಚು ಮಂದಿ 38 ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟರು. ದಿನಾಂಕ ಮತ್ತೆ ಮತ್ತೆ ಮುಂದೆ ಹೋಗಿ, 2016ರ ಜೂನ್‌ನಲ್ಲಿ ಬಂದ ಗೇಮ್ ಬಹುತೇಕರಿಗೆ ಸಪ್ಪೆಯೆನಿಸಿತು. ಅದೇ 2013ರಲ್ಲಿ 'ಶವಲ್ ನೈಟ್' ತಂಡಕ್ಕೆ ಸಿಕ್ಕಿದ್ದು ಸುಮಾರು 3.11 ಲಕ್ಷ ಡಾಲರ್. ಮರುವರ್ಷವೇ ಗೇಮ್ ಬಂತು, ಮಾತು ಕೊಟ್ಟ ಹೆಚ್ಚುವರಿ ಅಧ್ಯಾಯಗಳು 2019ರವರೆಗೂ ಬಂದವು. ಹಣ ಕೊಡುವ ದಿನ ಎರಡರ ಆಕರ್ಷಣೆಯೂ ಒಂದೇ, ಹಳೇ ಆಟದ ನೆನಪು. ದೊಡ್ಡ ಹೆಸರು, ದೊಡ್ಡ ಮೊತ್ತ ಯಾವುದಕ್ಕೂ ಗ್ಯಾರಂಟಿ ಆಗಲಿಲ್ಲ.

ಮುಂಗಡಕ್ಕೆ ಸಿಗುವುದು ಹೆಚ್ಚೆಂದರೆ ಸಣ್ಣ ಡಿಸ್ಕೌಂಟು, ಹೀರೊಗೆ ಒಂದು ಹೊಸ ಟೋಪಿ. ಡೌನ್‌ಲೋಡ್ ಮಾಡಿಕೊಳ್ಳುವ ಗೇಮಿಗೆ ಸ್ಟಾಕ್ ಮುಗಿಯುವ ಭಯವೂ ಇಲ್ಲ. ಬಿಡುಗಡೆಯಾಗಿ ಒಂದು ತಿಂಗಳು ಕಾಯಿರಿ, ಯಾರಾದರೂ ಮೂರನೇ ಲೆವೆಲ್ ಆಡುವ ವಿಡಿಯೊ ನೋಡಿ, ಆಮೇಲೆ ದುಡ್ಡು ಕೊಡಿ. ನಾನು ಮುಂಗಡ ಕಟ್ಟಿದ ಗೇಮ್ ಕಳೆದ ಸೇಲ್‌ನಲ್ಲಿ ಅರ್ಧ ಬೆಲೆಗಿತ್ತು. ಆ ಬೆಲೆಗೂ ಬೇಡ.