ಧ್ರುವದ ಮಂಜಿನ ಮೇಲೆ ಉಷ್ಣಮಾಪಕ

ಮೇಚೇರಿಯ ಬೇಸಗೆಯಲ್ಲಿ ಬೇಯುವ ನಮಗೆ ಉತ್ತರಧ್ರುವದ ಮಂಜುಗಡ್ಡೆಯ ಚಿಂತೆ ಏತಕ್ಕೆಂದು ಕೆಲವರು ಕೇಳಬಹುದು. ನಮ್ಮ ಸಮೀಪದ ಮೇಟೂರು ಅಣೆಕಟ್ಟೆಯನ್ನು ನೆನೆಯೋಣ. 1934ರಲ್ಲಿ ಪೂರ್ಣಗೊಂಡ ಈ ಕಟ್ಟೆಯಿಂದ ಜೂನ್ 12ರಂದು ನೀರು ಬಿಡುವುದು ವಾಡಿಕೆ. ನೀರು ಸಾಲದ ವರ್ಷ ಅದು ತಡವಾಗುವುದು. ಕೊಡಗಿನಲ್ಲಿ ಮಳೆ ಬರುವುದೋ ಇಲ್ಲವೋ ಎಂಬ ಮುನ್ಸೂಚನೆಯನ್ನು ನಂಬಿ ರೈತನು ಬಿತ್ತನೆಗೆ ಅಣಿಯಾಗುತ್ತಾನೆ. ಆದುದರಿಂದ ಮುನ್ಸೂಚನೆ ಎಷ್ಟು ನಂಬತಕ್ಕದ್ದು ಎಂಬುದನ್ನು ಅರಿಯುವುದು ನಮ್ಮ ಅನ್ನದ ಪ್ರಶ್ನೆಯೇ ಆಗಿದೆ.

ಭೂಮಿಯ ಗಾಳಿ, ಕಡಲು, ಮಂಜು ಇವುಗಳ ನಡತೆಯನ್ನು ಭೌತಶಾಸ್ತ್ರದ ನಿಯಮಗಳಿಂದ ಗಣಕಯಂತ್ರದಲ್ಲಿ ಲೆಕ್ಕ ಹಾಕುವ ಕ್ರಮಕ್ಕೆ ಹವಾಮಾನದ ಗಣಿತಮಾದರಿ ಎಂದು ಹೆಸರು. ಈ ಲೆಕ್ಕಕ್ಕೆ ಧ್ರುವಪ್ರದೇಶವು ಕಠಿಣವಾದ ಪರೀಕ್ಷೆ. ಬಿಳಿಯ ಮಂಜು ಬಿಸಿಲನ್ನು ಹಿಂದಕ್ಕೆ ಕಳುಹುತ್ತದೆ. ಅದು ಕರಗಿದರೆ ಕಪ್ಪು ನೀರು ಬಿಸಿಲನ್ನು ಹೀರಿಕೊಳ್ಳುತ್ತದೆ. 1979ರಿಂದೀಚೆಗೆ ಉತ್ತರಧ್ರುವ ಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬೆಚ್ಚಗಾಗಿದೆ. ಬಹುಪಾಲು ಮಾದರಿಗಳು ಹೇಳಿದ್ದು ಇದಕ್ಕಿಂತ ಕಡಿಮೆ.

ಲೆಕ್ಕವನ್ನು ಪರೀಕ್ಷಿಸಲು ಅಳತೆ ಬೇಕು. ಆದರೆ ಚಲಿಸುವ ಮಂಜಿನ ಮೇಲೆ ಊರಿಲ್ಲ, ಮನೆಯಿಲ್ಲ. 1893ರಿಂದ 1896ರವರೆಗೆ ನಾರ್ವೆಯ ನಾನ್ಸೆನ್‌ರ ‘ಫ್ರಾಂ’ ಹಡಗು ಮಂಜಿನಲ್ಲಿ ಸಿಕ್ಕಿ ತೇಲುತ್ತಲೇ ಉಷ್ಣತೆಯನ್ನು ದಾಖಲಿಸಿತು. 1937ರಲ್ಲಿ ಸೋವಿಯತ್ ವಿಜ್ಞಾನಿಗಳು ತೇಲುವ ಮಂಜಿನ ಮೇಲೆಯೇ ಠಾಣೆ ಹೂಡಿದರು. 2019–20ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗಿನಲ್ಲಿ 20 ದೇಶಗಳ ವಿಜ್ಞಾನಿಗಳು ಸರದಿಯಂತೆ ಹೋಗಿ ಅಳೆದರು. ನಮ್ಮ ದೇಶವೂ 2008ರಲ್ಲಿ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನಾಲಯವನ್ನು ತೆರೆಯಿತು. ಉಪಗ್ರಹಗಳು ಮೇಲಿನಿಂದ ನೋಡುತ್ತವೆ. ಆದರೆ ಅವು ಕಾಣುವುದು ಮಂಜಿನ ಮೈಯ ಉಷ್ಣತೆ, ಅದರ ಮೇಲಿನ ಗಾಳಿಯದಲ್ಲ.

ಇಂತಹ ಅಳತೆಗಳಿಂದ ಒಂದು ತಪ್ಪು ಬಯಲಾಯಿತು. ಕಡಲ ನೀರು ಸುಮಾರು −1.8 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಮೇಲಿನ ಗಾಳಿ −30 ಡಿಗ್ರಿ ಇರಬಹುದು. ನಡುವೆ ಮಂಜುಗಡ್ಡೆ, ಅದರ ಮೇಲೆ ಹಿಮದ ಪದರ. ಆ ಹಿಮವು ಕಂಬಳಿಯಂತೆ ಕೆಳಗಿನ ಶಾಖವನ್ನು ತಡೆಯುತ್ತದೆ. ಕೆಲವು ಲೆಕ್ಕಗಳಲ್ಲಿ ಈ ಪದರವನ್ನೇ ಬಿಟ್ಟಿದ್ದರು. ಫಲವಾಗಿ, ಚಳಿಗಾಲದ ಮೋಡವಿಲ್ಲದ ದಿನಗಳಲ್ಲಿ ಲೆಕ್ಕದ ಉಷ್ಣತೆಯು ನಿಜಕ್ಕಿಂತ 5ರಿಂದ 10 ಡಿಗ್ರಿ ಹೆಚ್ಚಾಗಿ ಬಂದುದನ್ನು 2019ರಲ್ಲಿ ತೋರಿಸಲಾಯಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೋಡವಿಲ್ಲದ ದಿನ ಅಳತೆ −35, ಲೆಕ್ಕ −28 ಎಂದಿಟ್ಟುಕೊಳ್ಳೋಣ. ಮೋಡದ ದಿನ ಅಳತೆ −12, ಲೆಕ್ಕ −19. ಎರಡರ ಸರಾಸರಿಯೂ −23.5. ಸರಾಸರಿಯನ್ನೇ ನೋಡಿದವನು ಮಾದರಿ ಸರಿಯೆಂದು ಹೊಗಳುತ್ತಾನೆ. ವಾಸ್ತವವಾಗಿ ಎರಡು ದಿನವೂ 7 ಡಿಗ್ರಿ ತಪ್ಪು. ಮೊದಲನೆಯದರಲ್ಲಿ ಹಿಮವನ್ನು ಮರೆತಿರಬಹುದು; ಎರಡನೆಯದರಲ್ಲಿ ಮೋಡದ ನೀರಹನಿಗಳೆಲ್ಲ ಹೆಪ್ಪುಗಟ್ಟಿದುವೆಂದು ಭಾವಿಸಿ, ಅವು ತಡೆಯುವ ಶಾಖವನ್ನು ಹೊರಬಿಟ್ಟಿರಬಹುದು. ಎರಡು ತಪ್ಪು ಸೇರಿ ಒಂದು ಸರಿಯುತ್ತರವಾಯಿತು. ನಾಳೆ ಮೋಡಗಳ ಪ್ರಮಾಣ ಬದಲಾದರೆ ಆ ಉತ್ತರವು ನಿಲ್ಲದು. ಹಾದಿ ತಪ್ಪಿದ ಲೆಕ್ಕಕ್ಕೆ ಉತ್ತರ ಸರಿಬಂದರೂ ಉಪಾಧ್ಯಾಯರು ಅಂಕ ಕೊಡದಿರುವುದು ಇದೇ ಕಾರಣಕ್ಕಾಗಿ.

ಹಾಗೆಂದು ಮಾದರಿಗಳನ್ನು ತಳ್ಳಿಹಾಕುವುದು ವಿವೇಕವಲ್ಲ. ತಪ್ಪು ಎಲ್ಲಿದೆಯೆಂದು ತಿಳಿದ ಲೆಕ್ಕವನ್ನು ತಿದ್ದಬಹುದು, ತಿಳಿಯದುದನ್ನು ತಿದ್ದಲಾಗದು. ನಮ್ಮ ಮಕ್ಕಳೂ ಈ ಅಭ್ಯಾಸವನ್ನು ಮಾಡಲಿ. ಗಾಳಿಯಾಡುವ ನೆರಳಿನಲ್ಲಿ ಉಷ್ಣಮಾಪಕವನ್ನು ತೂಗುಹಾಕಿ, ದಿನವೂ ಒಂದೇ ವೇಳೆಗೆ ಓದಿ, ‘ಮೋಡ’, ‘ಬಿಸಿಲು’ ಎಂದು ಬೇರೆ ಬೇರೆ ಬರೆಯಲಿ. ತಿಂಗಳು ಕಳೆದ ಮೇಲೆ ಪತ್ರಿಕೆಯ ಮುನ್ಸೂಚನೆಯೊಡನೆ ಹೋಲಿಸಲಿ. ತಾಯಿತಂದೆಗಳು ಇದಕ್ಕೆ ನೆರವಾದರೆ, ಹೇಳಿದುದನ್ನು ಅಳೆದು ನೋಡುವ ಬುದ್ಧಿಯು ಮನೆಯಲ್ಲಿಯೇ ಬೆಳೆಯುವುದು.